ಸಂಪಾದಕರ ಉತ್ತರ: ರ್ಯಾಮ್ ತರುವ ಮೊದಲು ಒಂದು ದಿನ ಲೆಕ್ಕ ಬರೆಯಿರಿ

ಶಿರಸಿ ಹತ್ತಿರದ ಹಳ್ಳಿಯ ಓದುಗರೊಬ್ಬರ ಪತ್ರದ ಸಾರ ಇಷ್ಟು. ತಂದೆಯವರ ತಾಳಮದ್ದಲೆ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಜಗಲಿ ಪಕ್ಕದ ಕೋಣೆಯಲ್ಲಿ ಹೋಂ ಥಿಯೇಟರ್ ಕಟ್ಟಿಕೊಂಡಿದ್ದಾರೆ. 2 ಜಿಬಿ ರ್ಯಾಮ್ (ಕೆಲಸ ಮಾಡುವಾಗ ಕಂಪ್ಯೂಟರು ಬಳಸುವ ಮೆಮೊರಿ) ಇರುವ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಓಡಿಸುವ ಪುಟ್ಟ ಪೆಟ್ಟಿಗೆ. ಬೆಳಿಗ್ಗೆ ಚೆನ್ನಾಗಿ ಹಾಡುವ ಪ್ಲೇಯರ್ ಸಂಜೆಗೆ ತಡವರಿಸುತ್ತದೆ. ರಾತ್ರಿ ಊಟದ ಹೊತ್ತಿಗೆ ಹೇಳದೆ ಕೇಳದೆ ಮಾಯ. ರೀಸ್ಟಾರ್ಟ್ ಮಾಡಿದರೆ ಮತ್ತೆ ಸರಿ. ಪೇಟೆಯ ಅಂಗಡಿಯವರು "ರ್ಯಾಮ್ ಜಾಸ್ತಿ ಹಾಕ್ಸಿ" ಅಂದರಂತೆ. ಹಾಕಿಸಬೇಕೇ ಎಂದು ಕೇಳಿದ್ದಾರೆ.

ಬೇಡ ಮಾರಾಯ್ರೇ, ಸದ್ಯಕ್ಕೆ ಬೇಡ. ಇದು ನಿಜವಾಗಿಯೂ ಮೆಮೊರಿ ಲೀಕ್ ಆಗಿದ್ದರೆ, ಇವತ್ತು ರಾತ್ರಿ ನಿಲ್ಲುವುದು ನಾಳೆ ರಾತ್ರಿ ನಿಲ್ಲುತ್ತದೆ, ಅಷ್ಟೇ. ಉದಾಹರಣೆಗೆ, ಕೋಡಿ ಎಂಬ ಪ್ಲೇಯರ್ ಗೊತ್ತಲ್ಲ? (ಹೆಸರು ಕೇಳಿದರೆ ನಮಗೆಲ್ಲ ಕೆರೆ ಕೋಡಿ ಬಿದ್ದದ್ದೇ ನೆನಪಾಗುತ್ತದೆ!) ಅದರ ಮೂಲ 2002ರಲ್ಲಿ, ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಗೆ ಬರೆದ ಪ್ಲೇಯರ್. ಆ ಪೆಟ್ಟಿಗೆಯಲ್ಲಿದ್ದ ರ್ಯಾಮ್ ಬರೀ 64 ಎಂಬಿ. ಹಾಡು ಕೇಳಲಿಕ್ಕೆ 2 ಜಿಬಿ ಸಾಲದು ಅನ್ನುವ ಮಾತು ನಾನಂತೂ ಒಪ್ಪುವುದಿಲ್ಲ.

ಲೀಕ್ ಅಂದ ಕೂಡಲೇ ಹಂಚು ಸೋರಿದ ಹಾಗೆ ಅಂದುಕೊಳ್ಳಬೇಡಿ. ಪ್ರೋಗ್ರಾಮ್ ಕೆಲಸಕ್ಕೆಂದು ಪಡೆದ ಮೆಮೊರಿಯನ್ನು ಕೆಲಸ ಮುಗಿದ ಮೇಲೂ ವಾಪಸ್ ಕೊಡದಿರುವುದೇ ಲೀಕ್. ಮನೆ ಕಾರ್ಯಕ್ಕೆ ದೇವಸ್ಥಾನದ ಹಂಡೆ, ಕೊಪ್ಪರಿಗೆ ತಂದು ವಾಪಸ್ ಕೊಡಲು ಮರೆತ ಹಾಗೆ ಅದು. ಪಾತ್ರೆ ಒಡೆದಿಲ್ಲ, ಕಳೆದಿಲ್ಲ. ನಮ್ಮ ಹಿತ್ತಿಲಲ್ಲೇ ಬೋರಲು ಬಿದ್ದಿದೆ. ಬೇರೆಯವರಿಗೆ ಮಾತ್ರ ಸಿಗುವುದಿಲ್ಲ.

ಆದರೆ ಮೊದಲು ಲೀಕ್ ಹೌದೋ ಅಲ್ಲವೋ ನೋಡಬೇಕು. ನಾನೇ ಒಮ್ಮೆ ಮೋಸ ಹೋಗಿದ್ದೇನೆ. ‘ಫ್ರೀ’ ಎಂಬ ಕಮಾಂಡ್ ಕೊಟ್ಟು, ಖಾಲಿ ಇರುವುದು ಬರೀ 90 ಎಂಬಿ ಅಂತ ಕಂಡು ಎರಡು ದಿನ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ. ಲಿನಕ್ಸ್ ಖಾಲಿ ಜಾಗವನ್ನು ಖಾಲಿ ಬಿಡುವುದಿಲ್ಲ. ಓದಿದ ಫೈಲುಗಳನ್ನು ಅಲ್ಲೇ ಇಟ್ಟುಕೊಂಡಿರುತ್ತದೆ, ಯಾರಾದರೂ ಕೇಳಿದರೆ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ಅದೇ ಸಾಲಿನ ಕೊನೆಯ ‘ಅವೈಲಬಲ್’ ಅಂಕಿ. ಇನ್ನೊಂದು, ಪ್ಲೇಯರ್ ಒಂದೇ ಎಷ್ಟು ಹಿಡಿದುಕೊಂಡಿದೆ ಅನ್ನುವುದು. ಏರಿ ಏರಿ ಒಂದು ಕಡೆ ನಿಂತರೆ ಲೀಕ್ ಅಲ್ಲ. ನಿಲ್ಲದೇ ಏರುತ್ತಿದ್ದರೆ ಅನುಮಾನ ಪಡಬೇಕು.

ನಿಮ್ಮ ಪತ್ರದ ಕೊನೆಯ ಸಾಲೇ ನನಗೆ ಬಹಳ ಹಿಡಿಸಿತು. ಪ್ಲೇಯರ್ ಹಿಡಿದುಕೊಂಡ ಮೆಮೊರಿ ಬೆಳಿಗ್ಗೆ 260 ಎಂಬಿ, ರಾತ್ರಿ 8ಕ್ಕೆ 1,690. ಹಾಡಿಸಿದ್ದು 30 ಫೈಲು, ಒಂದೊಂದೂ ಇಪ್ಪತ್ತು ನಿಮಿಷದ್ದು. ಅಂದರೆ ಫೈಲಿಗೆ ಹತ್ತಿರ ಹತ್ತಿರ 48 ಎಂಬಿ ಏರಿದೆ. ಇದು ಧ್ವನಿಯದ್ದಿರಲಾರದು. ಸಿಡಿ ಗುಣಮಟ್ಟದ ಸ್ಟೀರಿಯೋ ಧ್ವನಿಯನ್ನು ಬಿಚ್ಚಿಟ್ಟರೆ ನಿಮಿಷಕ್ಕೆ ಸುಮಾರು 10 ಎಂಬಿ, ಇಪ್ಪತ್ತು ನಿಮಿಷದ ಫೈಲಿಗೆ 200. ಪೂರ್ತಿ ಫೈಲ್ ಉಳಿದುಕೊಳ್ಳುತ್ತಿದ್ದರೆ ಎಂಟನೆಯದಕ್ಕೇ ಪೆಟ್ಟಿಗೆ ಮಕಾಡೆ ಮಲಗುತ್ತಿತ್ತು.

ಹಾಗಾದರೆ 48 ಎಲ್ಲಿಂದ ಬಂತು? ಕ್ಯಾಸೆಟ್ ಹೊದಿಕೆಗಳನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಪ್ರತಿ ಫೈಲಿಗೂ ಅಂಟಿಸಿದ್ದೀರಿ. 4000 ಅಡ್ಡ, 3000 ಉದ್ದದ ಫೋಟೋ. ಡಿಸ್ಕಿನಲ್ಲಿ ಅದು ಮೂರು ನಾಲ್ಕು ಎಂಬಿ ಇರಬಹುದು. ಪರದೆಗೆ ತರಲು ಬಿಚ್ಚಿದಾಗ ಒಂದು ಚುಕ್ಕೆಗೆ 4 ಬೈಟ್. 1.2 ಕೋಟಿ ಚುಕ್ಕೆಗೆ 4.8 ಕೋಟಿ ಬೈಟ್. ಸರಿಯಾಗಿ 48 ಎಂಬಿ! ಹಾಡು ಬದಲಾದರೂ ಹಳೇ ಚಿತ್ರವನ್ನು ಯಾರೋ ಬಿಡುತ್ತಿಲ್ಲ.

ಲೆಕ್ಕ ಕೂಡಿ ಬಂತು ಅಂತ ಅಲ್ಲಿಗೇ ಬಿಡಬೇಡಿ. ಹತ್ತು ಫೈಲಿನ ಒಂದು ಫೋಲ್ಡರ್ ಮಾಡಿ, ಚಿತ್ರ ತೆಗೆದು ಹಾಡಿಸಿ. ಏರಿಕೆ ನಿಂತರೆ ಕಳ್ಳ ಸಿಕ್ಕ ಹಾಗೆ. ಆಮೇಲೆ ಚಿತ್ರ ವಾಪಸ್ ಹಾಕಿ, ಆಡ್-ಆನ್‌ಗಳನ್ನೆಲ್ಲ (ಪ್ಲೇಯರಿಗೆ ಸೇರಿಸಿದ ಹೆಚ್ಚುವರಿ ಪ್ರೋಗ್ರಾಮುಗಳು) ಬಂದ್ ಮಾಡಿ, ಸ್ಕಿನ್ (ಪ್ಲೇಯರಿನ ಪರದೆಯ ವೇಷ) ಮೊದಲಿದ್ದದ್ದಕ್ಕೇ ಬದಲಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಚಿತ್ರವನ್ನು 600 ಅಡ್ಡ 600ಕ್ಕೆ ಕುಗ್ಗಿಸಿದರೆ ಒಂದಕ್ಕೆ 1.44 ಎಂಬಿ ಸಾಕು, ನಿಮ್ಮ ಮಳೆಗಾಲ ಆರಾಮಾಗಿ ಕಳೆಯುತ್ತದೆ. ಆದರೆ ಅದು ಲೀಕ್ ಮುಚ್ಚಿದ ಹಾಗಲ್ಲ, ನಿಧಾನ ಮಾಡಿದ ಹಾಗೆ. ಹಾಗಾಗಿ ಪರೀಕ್ಷೆ ಮುಗಿಯುವ ತನಕ ಕುಗ್ಗಿಸಬೇಡಿ. ಆ ತನಕ ಮಧ್ಯಾಹ್ನ ಊಟಕ್ಕೆ ಏಳುವಾಗ ಪ್ಲೇಯರ್ ಒಂದನ್ನೇ ರೀಸ್ಟಾರ್ಟ್ ಮಾಡಿದರಾಯಿತು, ಅದರಲ್ಲಿ ನಾಚಿಕೆ ಏನಿಲ್ಲ.

ರಾತ್ರಿ ಮಾಯವಾದ ಕೂಡಲೇ ಕರ್ನಲ್ ಲಾಗ್ (ಲಿನಕ್ಸಿನ ತಿರುಳು ತಾನೇ ಬರೆದಿಡುವ ದಿನಚರಿ) ಕೂಡ ತೆಗೆದಿಟ್ಟುಕೊಳ್ಳಿ. ಮೆಮೊರಿ ಮುಗಿದಾಗ ಲಿನಕ್ಸ್ ತಾನೇ ಒಂದು ಪ್ರೋಗ್ರಾಮನ್ನು ಕೊಂದು, ‘ಔಟ್ ಆಫ್ ಮೆಮೊರಿ’ ಎಂದು ಅಲ್ಲಿ ಬರೆದಿಡುತ್ತದೆ. ಆ ಸಾಲು, ಪ್ಲೇಯರಿನ ವರ್ಷನ್, ಫೈಲಿಗೆ 48 ಎಂಬಿ ಏರುವ ಲೆಕ್ಕ, ಇಷ್ಟನ್ನೂ ಪ್ಲೇಯರ್ ಬರೆದವರಿಗೆ ಕಳಿಸಿ. "ಸ್ಲೋ ಆಗ್ತಿದೆ" ಅಂತ ಬರೆದರೆ ಅವರೇನು ಮಾಡಿಯಾರು? ತಪ್ಪು ಯಾರದೆಂದು ತಿಳಿಯುವ ತನಕ ನಿಮ್ಮ ಪ್ಲೇಯರಿನ ಹೆಸರು ನಾನೂ ಅಚ್ಚು ಮಾಡುವುದಿಲ್ಲ.

ಮತ್ತೆ, ಕೊನೆಗೆ ಕುಗ್ಗಿಸುವ ದಿನ ಬಂದಾಗ ಮೂಲ ಫೋಟೋಗಳನ್ನು ಅಳಿಸಬೇಡಿ. ಆ ಹೊದಿಕೆಗಳ ಮೇಲೆ ಪ್ರಸಂಗದ ಹೆಸರು ಬರೆದದ್ದು ನಿಮ್ಮ ತಂದೆಯವರೇ ಅಂತ ಹೇಳಿದ್ದೀರಲ್ಲ.