ಹಳೆಯ ಬ್ರೌನ್ ಬೆಸ್ ಕೊಳ್ಳುವ ಮುಂಚೆ

ಬ್ರೌನ್ ಬೆಸ್, ಅಂದರೆ ಹದಿನೆಂಟನೇ ಶತಮಾನದ ಬ್ರಿಟಿಷ್ ಸೈನಿಕರ ಚಕಮಕಿ ಕೋವಿ, ಅದರ ನಕಲು ಒಂದು 900 ಡಾಲರಿಗೆ ಸಿಗುತ್ತಿದೆ, ಫೋಟೋದಲ್ಲಿ ಕನ್ನಡಿ ಥರ ಹೊಳೆಯುತ್ತಿದೆ, ಶನಿವಾರ ಹೋಗಿ ತಂದುಬಿಡಲಾ ಅಂತ ಕೇಳಿದ್ದೀರಿ. ಹೋಗಿ ನೋಡಿ. ಆದರೆ ದುಡ್ಡು ಜೇಬಲ್ಲೇ ಇರಲಿ.

ವರ್ಜೀನಿಯಾದಲ್ಲಿ 1781ರ ಯಾರ್ಕ್‌ಟೌನ್ ಯುದ್ಧವನ್ನು ವೇಷ ಹಾಕಿ ಮತ್ತೆ ಆಡಿ ತೋರಿಸುವ, ಬ್ರಿಟಿಷ್ ರೆಜಿಮೆಂಟಿನ ಗುಂಪು ಸೇರಿದ್ದೇನೆ ಅಂದಿರಿ ಅಲ್ವಾ, ಹಾಗಾದರೆ ಮೊದಲು ಟೇಪ್ ಹಿಡಿದು ನಳಿಗೆ ಅಳೆಯಿರಿ. 42 ಇಂಚು ಇದ್ದರೆ ಅದು ಶಾರ್ಟ್ ಲ್ಯಾಂಡ್ ಮಾದರಿ, ನಿಮಗೆ ಸರಿ. 46 ಇಂಚು ಇದ್ದರೆ ಅದಕ್ಕೂ ಹಳೆಯ ಲಾಂಗ್ ಲ್ಯಾಂಡ್, ಒಪ್ಪುತ್ತಾರಾ ಅಂತ ಗುಂಪಿನವರನ್ನು ಕೇಳಿ. 39 ಇಂಚು ಬಂತೋ, ಬಿಟ್ಟು ಬನ್ನಿ. ಅದು ಇಂಡಿಯಾ ಪ್ಯಾಟರ್ನ್, ಈಸ್ಟ್ ಇಂಡಿಯಾ ಕಂಪನಿ ಮಾಡಿಸಿಕೊಂಡದ್ದು, ಬ್ರಿಟಿಷ್ ಸೈನ್ಯ ಅದನ್ನು ತೆಗೆದುಕೊಂಡದ್ದು 1790ರ ದಶಕದಲ್ಲಿ. ಯಾರ್ಕ್‌ಟೌನಿನಲ್ಲಿ ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನೇ ಮುಂದೆ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ, ಅದು ಬೇರೆ ಕಥೆ. ಯಾರಾದರೂ 1799ರ ಶ್ರೀರಂಗಪಟ್ಟಣ ಆಡುವುದಾದರೆ ಆ 39 ಇಂಚಿನದ್ದು ನನಗೆ ಹೇಳಿ, ನಾನೇ ಕೊಳ್ಳುತ್ತೇನೆ!

ಆಮೇಲೆ ಯಾರು ಮಾಡಿದ್ದು ಅಂತ ನೋಡಿ. ಇಟಲಿಯ ಪೆಡರ್ಸೋಲಿ ಆದರೆ ನಳಿಗೆಯ ಮೇಲೆ ಪ್ರೂಫ್ ಮುದ್ರೆ (ಗಟ್ಟಿತನ ಪರೀಕ್ಷೆ ಮಾಡಿದ ಗುರುತು) ಇರುತ್ತದೆ, ಬಿಡಿಭಾಗವೂ ಸಿಗುತ್ತದೆ. ಜಪಾನಿನ ಮಿರೋಕು ಹಳೆಯದು, ಒಳ್ಳೆಯದು. ನಮ್ಮ ಭಾರತದಲ್ಲಿ ಮಾಡಿದವೂ ಇಲ್ಲಿ ಬೇಕಾದಷ್ಟು ಓಡಾಡುತ್ತವೆ. ಅವು ಎಷ್ಟೋ ಸಲ ಟಚ್‌ಹೋಲ್ (ಹೊರಗಿನ ಬೆಂಕಿ ನಳಿಗೆಯೊಳಗಿನ ಮದ್ದಿಗೆ ಹೋಗುವ ಸಣ್ಣ ತೂತು) ಕೊರೆಯದೆ, ಗೋಡೆಗೆ ನೇತುಹಾಕುವ ಸಾಮಾನಿನ ಲೆಕ್ಕದಲ್ಲಿ ಬಂದಂಥವು, ತೂತು ಕೊರೆದವರು ಆಮೇಲೆ ಬೇರೆ ಯಾರೋ. ಯಾರು ಕೊರೆದರು, ನಳಿಗೆಯನ್ನು ಪರೀಕ್ಷೆ ಮಾಡಿದ್ದಾರಾ ಅಂತ ಕೇಳಿ, ಮಾರುವವರು ತಡವರಿಸಿದರೆ ಬೇಡ. ಕೆಲವು ಗುಂಪುಗಳು ಅವನ್ನು ಮೈದಾನಕ್ಕೇ ಬಿಡುವುದಿಲ್ಲ, ಅದಕ್ಕೇ ಇದನ್ನೂ ನಿಮ್ಮವರನ್ನು ಮೊದಲೇ ಕೇಳಿ.

ಕೈಗೆ ತೆಗೆದುಕೊಂಡ ತಕ್ಷಣ, ಬೇರೇನೂ ಮಾಡುವ ಮುಂಚೆ, ಗಜವನ್ನು (ಮದ್ದು ಗುಂಡು ಒಳಗೆ ತಳ್ಳುವ ಕಬ್ಬಿಣದ ಕಡ್ಡಿ) ನಳಿಗೆಗೆ ಬಿಟ್ಟು ಬಾಯಿಯ ಹತ್ತಿರ ಬೆರಳಿನಿಂದ ಗುರುತು ಹಿಡಿಯಿರಿ, ಹೊರಗೆ ತೆಗೆದು ನಳಿಗೆಯ ಪಕ್ಕ ಇಟ್ಟು ಅಳೆದು ನೋಡಿ. ಹೆಚ್ಚು ಕಡಿಮೆ ಟಚ್‌ಹೋಲ್‌ವರೆಗೂ ಹೋಗಿರಬೇಕು. ಇಂಚುಗಟ್ಟಲೆ ಮುಂಚೆಯೇ ನಿಂತಿದ್ದರೆ ಒಳಗೆ ಏನೋ ಇದೆ, ಹಳೆಯ ಈಡೇ ಇರಬಹುದು. ಆಗ ಕುದುರೆ, ಅಂದರೆ ಚಕಮಕಿ ಕಲ್ಲು ಕಚ್ಚಿಕೊಂಡು ಬಡಿಯುವ ಕೊಕ್ಕೆ, ಮುಟ್ಟಬೇಡಿ. ತಳ ತಾಗಿದಾಗ ಗಜ ಟಣ್ ಅನ್ನಬೇಕು, ಧಪ್ ಅಂದರೆ ಕಿಟ್ಟ ಕಟ್ಟಿದೆ ಅಂತ. ಆಮೇಲೆ ಸಣ್ಣ ಬೆಳಕು ಬಿಟ್ಟು ನೋಡಿ. ಕಪ್ಪು ಮದ್ದಿನ ಮಸಿ ತೇವ ಎಳೆಯುತ್ತದೆ, ತೊಳೆಯದೆ ಇಟ್ಟರೆ ಒಳಗೇ ತುಕ್ಕು. ಹೊರಗೆ ಮರಳು ಕಾಗದ ಉಜ್ಜಿ ಹೊಳಪು ಬರಿಸುವುದು ಅರ್ಧ ದಿನದ ಕೆಲಸ, ಒಳಗೆ ತುಕ್ಕು ತಿಂದ ಗುಂಡಿ ಮುಚ್ಚಲು ಆಗುವುದಿಲ್ಲ. ತಳದ ಹತ್ತಿರ ಆಳದ ಗುಂಡಿ ಕಂಡರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಕೋವಿ ಖಾಲಿ ಅಂತ ಖಾತ್ರಿಯಾದ ಮೇಲೆ ಲಾಕ್, ಅಂದರೆ ಕಿಡಿ ಹೊಡೆಯುವ ಯಂತ್ರಭಾಗ, ನೋಡಿ. ನಾನು ಪೆಟ್ಟು ತಿಂದದ್ದು ಇಲ್ಲೇ. ಮೊದಲು ಕೊಂಡ ಕೋವಿ ನೋಡಲು ಬಹಳ ಚಂದ ಇತ್ತು, ಹೊಳಪು ನೋಡಿಯೇ ದುಡ್ಡು ಎಣಿಸಿದ್ದೆ. ಮೊದಲ ಕಾರ್ಯಕ್ರಮದ ಬೆಳಿಗ್ಗೆ ತಪಾಸಣೆಯ ಸಾಲಿನಲ್ಲಿ ಸಾರ್ಜೆಂಟ್ ಕುದುರೆಯನ್ನು ಅರ್ಧಕ್ಕೆ ಎಳೆದು, ಟ್ರಿಗರ್‌ಗೆ ಬೆರಳು ಸಿಕ್ಕಿಸಿ ಇಡೀ ಕೋವಿಯನ್ನು ಹಾಗೇ ಎತ್ತಿದರು. ಟಪ್ ಅಂತ ಬಿತ್ತು ಕುದುರೆ. ಅರ್ಧಕ್ಕೆ ನಿಲ್ಲುವ ಕಚ್ಚು ಸವೆದುಹೋಗಿತ್ತು. ಆ ದಿನ ಪೂರ್ತಿ ಕೆಂಪು ಕೋಟು ಹಾಕಿಕೊಂಡು ನೀರಿನ ಬಕೆಟ್ ಹೊತ್ತೆ. ನೀವೂ ಅದೇ ಪರೀಕ್ಷೆ ಮಾಡಿ. ಸುಮಾರು ನಾಲ್ಕೂವರೆ ಕಿಲೋ ತೂಕ, ಅಷ್ಟನ್ನು ಆ ಕಚ್ಚು ತಡೆಯಲೇಬೇಕು. ಅದನ್ನು ಮನೆಯಲ್ಲಿ ಅರ ಹಾಕಿ ಸರಿಮಾಡುತ್ತೇನೆ ಅನ್ನಬೇಡಿ, ಗನ್‌ಸ್ಮಿತ್ ಕೆಲಸ ಅದು.

ಕಿಡಿಯನ್ನೂ ನೋಡಿ. ಹೊಸ ಚಕಮಕಿ ಕಲ್ಲು ತೆಗೆದುಕೊಂಡು ಹೋಗಿ, ಮಾರುವವರನ್ನು ಕೇಳಿ ಎರಡು ಸಲ ಹೊಡೆಯಿರಿ. ಮೊಂಡು ಕಲ್ಲು ಹಾಕಿ ಕಿಡಿ ಬರಲಿಲ್ಲ ಅಂತ ಕೋವಿಯನ್ನು ಬೈದರೆ ಏನು ಪ್ರಯೋಜನ? ಹೊಸ ಕಲ್ಲಿಗೂ ಕಿಡಿ ಬರದಿದ್ದರೆ ಫ್ರಿಜನ್, ಅಂದರೆ ಕಲ್ಲು ಬಡಿಯುವ ಉಕ್ಕಿನ ಪಟ್ಟಿ, ಮೆತ್ತಗಾಗಿರಬಹುದು. ಮತ್ತೆ ಗಟ್ಟಿ ಮಾಡಿಸಬಹುದು, ಆ ಖರ್ಚು ಬೆಲೆಯಲ್ಲಿ ಕಡಿಮೆ ಮಾಡಿಸಿ. ಟಚ್‌ಹೋಲ್ ಒಂದೂವರೆ, ಎರಡು ಮಿಲಿಮೀಟರ್ ಇದ್ದರೆ ಸಾಕು. ಸವೆದು ಅಗಲವಾಗಿದ್ದರೆ ಬೆಂಕಿ ಜಾಸ್ತಿ ಪಕ್ಕಕ್ಕೆ ಚಿಮ್ಮುತ್ತದೆ, ಸಾಲಿನಲ್ಲಿ ಬಲಗಡೆ ನಿಂತವರ ಮುಖಕ್ಕೆ. ಅದಕ್ಕೂ ಲೈನರ್ (ತೂತಿಗೆ ಹೊಸ ಒಳಕೊಳವೆ) ಹಾಕಿಸಬಹುದು.

ಮರದಲ್ಲಿ ಲಾಕ್ ಸುತ್ತ ಬಿರುಕು ಇದೆಯಾ ನೋಡಿ. ಬಯೋನೆಟ್ ಕೊಟ್ಟರೆ ಅಲ್ಲೇ ಕೂರಿಸಿ ನೋಡಿ, ಎಲ್ಲಾ ಬಯೋನೆಟ್ ಎಲ್ಲಾ ಕೋವಿಗೂ ಕೂರುವುದಿಲ್ಲ. ಫ್ಲ್ಯಾಶ್‌ಗಾರ್ಡ್ (ಪಕ್ಕದವರಿಗೆ ಬೆಂಕಿ ಚಿಮ್ಮದಂತೆ ತಡೆಯುವ ತಗಡು), ಫ್ರಿಜನ್ನಿಗೆ ಹಾಕುವ ಚರ್ಮದ ಚೀಲ ಜೊತೆಗೆ ಬಂದರೆ ಲಾಭ, ಹೇಗೂ ಬೇಕೇ ಬೇಕು. ಕಾನೂನಿನ ವಿಷಯ: ಅಮೆರಿಕದ ಫೆಡರಲ್ ಲೆಕ್ಕದಲ್ಲಿ ಚಕಮಕಿ ಕೋವಿಯ ನಕಲು ಆಂಟಿಕ್ ಅಂತಲೇ, ಆದರೆ ರಾಜ್ಯ ರಾಜ್ಯಕ್ಕೂ ನಿಯಮ ಬೇರೆ. ಗಡಿ ದಾಟಿ ಕಾರ್ಯಕ್ರಮಕ್ಕೆ ಹೋಗುವಾಗ ನೆನಪಿರಲಿ.

ಅಂದಹಾಗೆ ಶನಿವಾರಕ್ಕೆ ಮುಂಚೆ ಒಂದು ಕೆಲಸ ಮಾಡಿ. ಲಾಕಿನ ಒಳಗಡೆ, ಫ್ರಿಜನ್ ಮುಖ, ಟಚ್‌ಹೋಲ್, ಈ ಮೂರರ ಹತ್ತಿರದ ಫೋಟೋ ಕೇಳಿ ಇಲ್ಲೇ ಹಾಕಿ, ನಾನೂ ನೋಡುತ್ತೇನೆ.