ಪ್ರತಿಕ್ರಿಯೆ: ‘ನಿತ್ಯ ವಿಶ್ರಾಂತಿ ಅಂದ್ರ ಬರೀ ನಿದ್ದೀನಾ?’

ಅಣ್ಣಾರ, ಗೋಕಾಕದಾಗ ಹಾಸಿಗೆ ಹಿಡಿದ ನಿಮ್ಮ ತಂದೆಯವರು ಹಳೇ ಪಾಪ ನೆನೆಸಿ ಅಳ್ತಾರ, ಏನು ಓದಿ ಹೇಳಲಿ ಅಂತ ಕೇಳೀರಿ.

ನಿತ್ಯ ವಿಶ್ರಾಂತಿ ಅಂದ್ರ ಬರೀ ನಿದ್ದಿ ಅಲ್ರಿ. ಬೈಬಲಿನ ಇಬ್ರಿಯರಿಗೆ ಬರೆದ ಪತ್ರ 4:9ರಾಗ ಬರೋ ಗ್ರೀಕ್ ಪದ ‘ಸಬ್ಬತಿಸ್ಮೊಸ್’, ಅಂದ್ರ ಸಬ್ಬತ್ (ಏಳನೇ ದಿನದ ವಿಶ್ರಾಂತಿ) ಆಚರಣೆ. ಬೈಬಲಿನ ಎರಡನೇ ಭಾಗ ಹೊಸ ಒಡಂಬಡಿಕೆಯೊಳಗ ಈ ಪದ ಇದೊಂದೇ ಕಡೆ ಐತಿ. ಸೃಷ್ಟಿ ಮುಗಿಸಿ ಏಳನೇ ದಿನ ದೇವರು ವಿಶ್ರಮಿಸಿದ್ದು ದಣಿವಾಗಿ ಅಲ್ಲ, ಕೆಲಸ ಪೂರ್ತಿ ಆಗಿದ್ದಕ್ಕ. ಆ ಸಂತೋಷದಾಗ ಪಾಲು ಸಿಗೋದೇ ಈ ವಿಶ್ರಾಂತಿ.

ಓದುವಾಗ ಒಂದು ಎಚ್ಚರ. 4ನೇ ಅಧ್ಯಾಯ ಒಂದೇ ಸಮನೆ ಓದಬ್ಯಾಡ್ರಿ. 12-13ರಾಗ ಇಬ್ಬಾಯಿ ಕತ್ತಿ, ಎಲ್ಲಾ ಬಯಲಾಗೋ ಮಾತು ಬರ್ತದ; ಮೊದಲೇ ಅಂಜಿದವರು ಇನ್ನಷ್ಟು ಕುಗ್ಗತಾರ. 9-10 ಓದಿ, ನೇರ 14-16ಕ್ಕ ಹೋಗ್ರಿ: ನಮ್ಮ ಬಲಹೀನತೆ ಅರಿತ ಮಹಾಯಾಜಕ ಯೇಸು ಅಲ್ಲಿದ್ದಾನ. ಬೈಬಲಿನ ಕೊನೇ ಪುಸ್ತಕ ಪ್ರಕಟನೆಯ 14:13 ಸಮಾಧಾನದ ವಚನ ಖರೆ, ಆದರ 11ರಿಂದ ಶುರು ಮಾಡಿದ್ರ ‘ಹಗಲೂ ರಾತ್ರಿ ವಿಶ್ರಾಂತಿ ಇಲ್ಲ’ ಅನ್ನೋದೇ ಮೊದಲು ಕಿವಿಗೆ ಬೀಳ್ತದ.

ಪಾಪದ ಭಾರಕ್ಕ ಬೈಬಲಿನ 1 ಯೋಹಾನ 1:9 ಓದ್ರಿ: ಪಾಪ ಒಪ್ಪಿಕೊಂಡ್ರ ದೇವರು ಕ್ಷಮಿಸ್ತಾನ ಅಂತ ಅದು ಹೇಳ್ತದ. ಅಳಬ್ಯಾಡ್ರಿ ಅಂತ ಬಾಯಿ ಮುಚ್ಚಿಸಬ್ಯಾಡ್ರಿ, ಹೆಸರಿಟ್ಟು ಒಪ್ಪಿಕೊಳ್ಳಲಿ. ಆಮೇಲೆ ಆ ವಚನ ನಿಧಾನ ಎರಡು ಸಲ ಓದ್ರಿ. ನೀವು ಕಥೋಲಿಕರಾದ್ರ ಗುರುಗಳನ್ನ ಈಗಲೇ ಕರಸ್ರಿ. ರೋಗಿಗಳ ಅಭ್ಯಂಗ (ಗುರುಗಳು ಎಣ್ಣಿ ಹಚ್ಚಿ ಮಾಡೋ ಪ್ರಾರ್ಥನೆ) ಕೊನೇ ಉಸಿರಿಗೇ ಮಾಡೋದಲ್ಲ, ಜಡ್ಡು ಹೆಚ್ಚಾದ್ರ ಮತ್ತೊಮ್ಮೆ ಕೊಡ್ತಾರ. ಮಾತು ನಿಂತ ಮ್ಯಾಲೆ ಕರೆದ್ರ ಗುರುಗಳ ಮುಂದ ಪಾಪ ಹೇಳಿಕೊಳ್ಳೋ ಪಾಪನಿವೇದನೆ ಕಷ್ಟ.

ನೋವು ಹೆಚ್ಚಿದ್ದಾಗ ಎರಡೇ ವಚನ ಸಾಕ್ರಿ. ಗುಳಿಗಿ ಬಿಡಿಸಬ್ಯಾಡ್ರಿ, ನೋವು ತಡ್ಕೊಳ್ಳೋದೇ ವಿಶ್ವಾಸ ಅಂತ ಬೈಬಲ್ ಎಲ್ಲೂ ಹೇಳಿಲ್ಲ.