ಮೊದಲ ಸ್ಟ್ರೋಬ್: ಪವರ್‌ಗಿಂತ ಆರ್ಮ್ ಮುಖ್ಯ

ಮೇಡಂ, ನಿಮ್ಮ ಪ್ರಶ್ನೆ ಓದಿದೆ. ಒಲಿಂಪಸ್ ಟಿಜಿ-6 ಕ್ಯಾಮೆರಾ, ಅದರ ಹೌಸಿಂಗ್ (ನೀರು ತಾಗದಂತೆ ಕಾಯುವ ಪೆಟ್ಟಿಗೆ), ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಹದಿನೈದು ಡೈವ್, ಫೋಟೊ ಎಲ್ಲ ಹಸಿರು. ಕ್ಯಾಮೆರಾದ ಫ್ಲ್ಯಾಷ್ ಹಾಕಿದರೆ ರವೆ ಚೆಲ್ಲಿದ ಹಾಗೆ ಚುಕ್ಕಿ. ಈಗ ದೊಡ್ಡ ಸ್ಟ್ರೋಬ್ (ನೀರೊಳಗೆ ಹೊರಗಿನಿಂದ ಜೋಡಿಸುವ ಫ್ಲ್ಯಾಷ್) ಒಂದು ತಗೊಳ್ಳಲಾ, ಚಿಕ್ಕದು ಎರಡಾ ಅಂತ ಕೇಳಿದ್ದೀರಿ. ನಾನಾದರೆ ಚಿಕ್ಕದು ಒಂದೇ ತಗೊಳ್ಳುತ್ತಿದ್ದೆ. ಉಳಿದ ದುಡ್ಡನ್ನು ಹೌಸಿಂಗ್ ಕೂರಿಸುವ ಟ್ರೇಗೂ, ಸ್ಟ್ರೋಬ್ ಹಿಡಿಯುವ ಒಳ್ಳೆಯ ಆರ್ಮ್‌ಗೂ (ಮಡಚುವ ಕೈ) ಹಾಕುತ್ತಿದ್ದೆ.

ನೀರು ಮೊದಲು ನುಂಗುವುದೇ ಕೆಂಪು ಬಣ್ಣ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಅದು ಬಹಳಷ್ಟು ಹೋಗಿರುತ್ತದೆ. ಸ್ಟ್ರೋಬ್ ಬೆಳಕಿನದ್ದೂ ಅದೇ ಪಾಡು. ಮೀನು ಒಂದು ಮೀಟರ್ ದೂರ ಇದ್ದರೆ ಬೆಳಕು ಹೋಗಿ ಬರಲು ಎರಡು ಮೀಟರ್ ನೀರು ದಾಟಬೇಕು. ಇನಾನ್ ಎಸ್-220 ತರಹದ ಚಿಕ್ಕ ಸ್ಟ್ರೋಬ್‌ನ ಗೈಡ್ ನಂಬರ್, ಅಂದರೆ ಬೆಳಕು ಎಷ್ಟು ದೂರ ಮುಟ್ಟುತ್ತದೆ ಅನ್ನುವ ಅಳತೆ, 22. ಅದು ಗಾಳಿಯಲ್ಲಿ ಅಳೆದ ಲೆಕ್ಕ. ನೀರಲ್ಲಿ ಮೂರನೇ ಒಂದು ಭಾಗ, ಅಂದರೆ ಸುಮಾರು 7 ಅಂತ ಹಿಡಿಯಿರಿ. ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಎಫ್/8 (ಲೆನ್ಸ್ ಕಿಂಡಿಯ ಅಳತೆ) ಇಟ್ಟರೆ 7ನ್ನು 8ರಿಂದ ಭಾಗಿಸಿ: ಬೆಳಕು ಮುಟ್ಟುವ ದೂರ ಒಂದು ಮೀಟರ್‌ಗೂ ಕಡಿಮೆ. ಟಿಜಿಯಲ್ಲಿ ನೀವು ಜಾಸ್ತಿ ತೆಗೆಯುವುದೇ ಗೇಣುದ್ದದ ದೂರದ ಚಿಕ್ಕ ಜೀವಿಗಳನ್ನು, ಅಲ್ವಾ? ಅದಕ್ಕೆ ಇಷ್ಟು ಬೇಕಾದಷ್ಟಾಯಿತು. ದೂರದ ಮೀನಿಗೆ ದೊಡ್ಡ ಸ್ಟ್ರೋಬ್ ತಂದರೂ ಸುಮ್ನೆ ಮಧ್ಯದ ನೀರಿಗೆ ಬೆಳಕು ಹೊಡೆದಂತೆ.

ಇನ್ನು ಆ ರವೆ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಏನಾಗುತ್ತದೆ? ರಸ್ತೆ ಮಾಯ, ಮುಂದೆ ಬಿಳಿ ಗೋಡೆ. ಲೆನ್ಸ್ ಪಕ್ಕದಲ್ಲೇ ಇರುವ ಫ್ಲ್ಯಾಷ್ ಮಾಡುವುದೂ ಅದನ್ನೇ. ನೇತ್ರಾಣಿಯ ನೀರಲ್ಲಿ ಕಣ ಜಾಸ್ತಿ ಇರುವ ದಿನ ಕೇಳುವುದೇ ಬೇಡ. ಅದಕ್ಕೇ ಆರ್ಮ್. ಸ್ಟ್ರೋಬ್ ಪಕ್ಕಕ್ಕೆ ದೂರ ಇರಲಿ, ಹೌಸಿಂಗ್‌ನ ಗಾಜಿಗಿಂತ ಸ್ವಲ್ಪ ಹಿಂದಕ್ಕೆ. ಮುಖವನ್ನು ನೇರ ಮೀನಿಗೆ ತಿರುಗಿಸಬೇಡಿ, ಕೊಂಚ ಹೊರಕ್ಕೆ ತಿರುಗಿಸಿ. ಬೆಳಕಿನ ಅಂಚು ಮಾತ್ರ ಮೀನಿಗೆ ತಾಗಬೇಕು. ಚಿಕ್ಕ ಜೀವಿಯನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋಗೆ ಮಾತ್ರ ಒಳಕ್ಕೆ ತಿರುಗಿಸಿಕೊಳ್ಳಿ. ಟಿಜಿ ಒಂದು ಸೆಂಟಿಮೀಟರ್‌ವರೆಗೂ ಫೋಕಸ್ ಮಾಡುತ್ತದೆ ನಿಜ, ಆದರೆ ಅಷ್ಟು ಹತ್ತಿರ ಹೋದರೆ ಹೌಸಿಂಗ್‌ನ ನೆರಳೇ ಬೀಳುತ್ತದೆ. ಸ್ವಲ್ಪ ಹಿಂದೆ ಸರಿದು ಝೂಮ್ ಮಾಡಿ.

ಕೊಳ್ಳುವಾಗ ಎರಡು ವಿಷಯ ಕೇಳಿ. ಮೊದಲನೆಯದು, ಪವರ್ ಏರಿಸಿ ಇಳಿಸುವ ನಾಬ್ ಇದೆಯಾ? ಟಿಟಿಎಲ್ (ಫ್ಲ್ಯಾಷ್ ಬೆಳಕನ್ನು ಕ್ಯಾಮೆರಾವೇ ಅಳೆಯುವ ವಿಧಾನ) ತಾನೇ ಲೆಕ್ಕ ಹಾಕುತ್ತದೆ ಅಂತಾರೆ, ಆದರೆ ಕಪ್ಪು ಬಂಡೆ ಮೇಲೆ ಬಿಳಿ ಜೀವಿ ಸಿಕ್ಕರೆ ಅದು ಎಡವುತ್ತದೆ. ನಾಬ್ ಇದ್ದರೆ ಒಂದು ಮೆಟ್ಟಿಲು ಇಳಿಸಿ ಇನ್ನೊಂದು ಫೋಟೊ ತೆಗೆದರಾಯಿತು. ಎರಡನೆಯದು, ಪ್ರೀ-ಫ್ಲ್ಯಾಷ್ ಹೊಂದಾಣಿಕೆ. ಟಿಜಿ ಫೋಟೊಗೆ ಮುಂಚೆ ಒಂದು ಸಣ್ಣ ಮಿಂಚು ಬಿಡುತ್ತದೆ. ಸ್ಟ್ರೋಬ್ ಅದಕ್ಕೇ ಹೊಡೆದುಬಿಟ್ಟರೆ ಕಣ್ಣಿಗೆ ಬೆಳಕು ಕಾಣುತ್ತದೆ, ಫೋಟೊ ಮಾತ್ರ ಕತ್ತಲು. ತುಂಬಾ ಜನ ಆಗ ಸ್ಟ್ರೋಬ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಜೋಡಣೆಗೆ ಫೈಬರ್ ಆಪ್ಟಿಕ್ ಕೇಬಲ್ ಸಾಕು, ಹೌಸಿಂಗ್‌ಗೆ ತೂತು ಬೇಡ. ಕ್ಯಾಮೆರಾ ಫ್ಲ್ಯಾಷ್‌ನ ಬೆಳಕು ಅದರೊಳಗೆ ಹೋಗಿ ಸ್ಟ್ರೋಬನ್ನು ಹೊಡೆಸುತ್ತದೆ. ಕ್ಯಾಮೆರಾದ ಫ್ಲ್ಯಾಷ್ ಯಾವಾಗಲೂ ಹೊಡೆಯುವಂತೆ ಇಡಿ. ಅದರ ಬೆಳಕು ಮುಂದಕ್ಕೆ ಸೋರುತ್ತಿದ್ದರೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ.

ಸೆಲ್ ವಿಷಯದಲ್ಲಿ ಜಿಪುಣತನ ಬೇಡ. ರೀಚಾರ್ಜ್ ಮಾಡುವ ಎನಿಲೂಪ್ ಥರದ ಎಎ ಸೆಲ್, ನಾಲ್ಕರ ಎರಡು ಸೆಟ್ ಇರಲಿ.

ಸೆಲ್ ಬದಲಾಯಿಸುವ ಬಗ್ಗೆ ನನ್ನದೇ ಪೆದ್ದುತನ ಹೇಳುತ್ತೇನೆ. ಎರಡು ಡೈವ್ ನಡುವೆ, ಬೋಟ್ ಓಲಾಡುತ್ತಿದ್ದಾಗ, ಒದ್ದೆ ತಲೆಯಲ್ಲೇ ಬಗ್ಗಿ ಮುಚ್ಚಳ ತೆಗೆದೆ. ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಮೇಲೆ ಒಂದು ಕೂದಲು ಬಿದ್ದಿತ್ತು, ನೋಡಲಿಲ್ಲ. ಹತ್ತು ಮೀಟರ್‌ನಲ್ಲಿ ಸ್ಟ್ರೋಬ್ ಸುಮ್ಮನಾಯಿತು. ಮೇಲೆ ಬಂದು ತೆಗೆದರೆ ಉಪ್ಪುನೀರು, ಸೆಲ್‌ಗಳ ತುದಿಯಲ್ಲಿ ಬುರುಗು. ಸೆಲ್ ಗೂಡು ಬೇರೆಯಾಗಿ ಸೀಲ್ ಆಗಿದ್ದ ಮಾಡೆಲ್ ಆದ್ದರಿಂದ ಸರ್ಕ್ಯೂಟ್ ಉಳಿಯಿತು. ಸಿಹಿನೀರಲ್ಲಿ ತೊಳೆದು, ಒಣಗಿಸಿ, ಕಾಂಟ್ಯಾಕ್ಟ್ ಉಜ್ಜಿದೆ. ಈಗ ಮೊದಲು ತಲೆ ಒರೆಸಿಕೊಳ್ಳುತ್ತೇನೆ. ಆಮೇಲೆ ಓ-ರಿಂಗ್ ಸುತ್ತ ಬೆರಳು ಆಡಿಸುತ್ತೇನೆ, ಕುಕ್ಕರ್ ಗ್ಯಾಸ್ಕೆಟ್ ನೋಡುವ ಹಾಗೆ. ಗ್ರೀಸ್ ಹೊಳಪು ಬರುವಷ್ಟು ಸಾಕು.

ಗೋಪ್ರೋ ಕ್ಯಾಮೆರಾ ಇರುವವರು ಅದಕ್ಕೂ ಸ್ಟ್ರೋಬ್ ಹಾಕಬಹುದಾ ಅಂತ ಕೇಳಿದ್ದಕ್ಕೆ: ಅದರಲ್ಲಿ ಫ್ಲ್ಯಾಷೇ ಇಲ್ಲ, ನಿಮಗೆ ಬೇಕಿರುವುದು ವಿಡಿಯೊ ಲೈಟ್.

ಮಳೆಗಾಲದಲ್ಲಿ ಹೇಗೂ ನೇತ್ರಾಣಿಗೆ ಬೋಟ್ ಇಲ್ಲ. ಸ್ಟ್ರೋಬ್ ಬಂದ ಮೇಲೆ ಟಬ್‌ನಲ್ಲಿ ನೀರು ತುಂಬಿ, ಒಂದು ಚಮಚ ಹಾಲು ಕದಡಿ, ಕೆಂಪು ಆಟಿಕೆ ಮುಳುಗಿಸಿ ಫೋಟೊ ತೆಗೆದು ನೋಡಿ. ಆರ್ಮ್ ಸರಿಸಿದಂತೆ ಮಸುಕು ಹೇಗೆ ಕರಗುತ್ತದೆ ಅಂತ ಅಲ್ಲೇ ಕಾಣುತ್ತದೆ. ಅದಕ್ಕೂ ಮೊದಲು ನಿಮ್ಮ ಹೌಸಿಂಗ್‌ನ ಮುಂಭಾಗದ ಫೋಟೊ ಇಲ್ಲಿ ಹಾಕಿ. ಕೇಬಲ್ ಸಿಕ್ಕಿಸುವ ಜಾಗ ಇದೆಯಾ ನೋಡಿ ಹೇಳುತ್ತೇನೆ.